ಮಗಳ ದೀಕ್ಷಾಸ್ನಾನಕ್ಕೆ ನಾನು ಅಡ್ಡ ನಿಂತ ವರ್ಷ

ಇಂಗ್ಲೆಂಡಿನ ಹೌನ್ಸ್ಲೋಗೆ ಬಂದ ಮೇಲೆ ನಾವು ಸೇರಿಕೊಂಡ ಸಭೆಯಲ್ಲಿ ಪಾದ್ರಿಯೇ ಇರಲಿಲ್ಲ. ಫೆಲ್ಥಮ್‌ನ ಒಂದು ಕಮ್ಯುನಿಟಿ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿಕೊಂಡು ಇಪ್ಪತ್ತು ಜನ ಕೂರುತ್ತಿದ್ದೆವು. ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಪುಟ್ಟ ಗುಂಪು ಅದು. ನಾವೋ ಉಡುಪಿ ಕಡೆಯ ಪ್ರಾಟೆಸ್ಟೆಂಟರು. ಪಾದ್ರಿ ಅಯ್ಯನವರು ನಿಂತು ಹೇಳಬೇಕು, ನಾವು ಬೆಂಚಿನಲ್ಲಿ ಕೂತು ಕೇಳಬೇಕು, ನನಗೆ ಗೊತ್ತಿದ್ದ ಕ್ರಮ ಅಷ್ಟೇ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಕರೆದರೆಂದು ಹೋಗತೊಡಗಿದೆವು. ಹಾಲಿನ ಎದುರಿಗೇ ಪಾರ್ಕಿಂಗ್ ಸಿಗುತ್ತಿತ್ತು ಎನ್ನುವುದನ್ನೂ ಮುಚ್ಚಿಡಬಾರದು.

ಆ ಗುಂಪಿನ ಒಂದು ಪದ್ಧತಿ ನನ್ನ ತಲೆ ಕೆಡಿಸುತ್ತಿತ್ತು. ಏನೇ ತೀರ್ಮಾನವಾಗಬೇಕಾದರೂ ವೃತ್ತದಲ್ಲಿ ಕೂತ ಪ್ರತಿಯೊಬ್ಬರೂ ಒಪ್ಪಬೇಕು. ಮತ ಹಾಕುವುದಿಲ್ಲ, ಬಹುಮತದ ಮಾತಿಲ್ಲ. ಒಬ್ಬರು ಬೇಡ ಎಂದರೆ ವಿಷಯ ಮುಂದಿನ ತಿಂಗಳಿಗೆ. ಚಹಾದ ಕೆಟಲ್ ಬದಲಿಸಲು ಮೂರು ತಿಂಗಳು ಹಿಡಿಯಿತು. ನಾನು ಹೀಥ್ರೂನ ಕಾರ್ಗೋ ಶೆಡ್ಡಿನಲ್ಲಿ ಶಿಫ್ಟ್ ಸೂಪರ್‌ವೈಸರ್. ನಮ್ಮಲ್ಲಿ ವಿಮಾನ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಸಭೆ ಮುಗಿಸಿ ಮನೆಗೆ ಬಂದವನು ಹೆಂಡತಿಯ ಮುಂದೆ ಹಾರಾಡುತ್ತಿದ್ದೆ. ಅವಳು ಅನ್ನಕ್ಕೆ ಇಡುತ್ತಾ ಹೂಂ ಹೂಂ ಎನ್ನುತ್ತಿದ್ದಳು.

ಹದಿನೇಳು ತುಂಬಿದ ವರ್ಷ ಮಗಳು ವೃತ್ತದಲ್ಲಿ ಎದ್ದು ನಿಂತು, ತನಗೆ ದೀಕ್ಷಾಸ್ನಾನ ಬೇಕು ಎಂದಳು. ಮಗುವಿಗೆ ಕೊಟ್ಟ ಸ್ನಾನ ಆ ಜನರ ಲೆಕ್ಕದಲ್ಲಿ ಸ್ನಾನವಲ್ಲ; ಬುದ್ಧಿ ತಿಳಿದ ಮೇಲೆ ತಾನಾಗಿ ಕೇಳಿ ಪಡೆಯಬೇಕು. ನಮ್ಮನ್ನು ಕರೆತಂದ ಅಜ್ಜಿ ನೋಟ್‌ಬುಕ್ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಎಲ್ಲರೂ ಒಪ್ಪಿದರು, ನನ್ನ ಹೆಂಡತಿಯೂ ಒಪ್ಪಿದಳು. ನಾನು ಬೇಡ ಎಂದೆ.

ನನಗೆ ಕಾರಣವಿತ್ತು. ಮಗಳಿಗೆ ಮೂರು ತಿಂಗಳಾಗಿದ್ದಾಗ ಊರಿನ ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡು ನಿಂತವರು ನನ್ನ ಅಮ್ಮ. ಕಾಯಿಲೆ ಬಲಿತಿತ್ತು, ನಿಲ್ಲುವ ಶಕ್ತಿ ಇರಲಿಲ್ಲ, ಆದರೂ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಅಯ್ಯನವರು ಹಣೆಗೆ ನೀರು ಮುಟ್ಟಿಸಿದಾಗ ಅಮ್ಮ ಅತ್ತರು. ಎರಡು ವಾರ ಕಳೆದು ತೀರಿಕೊಂಡರು. ಆ ದಿನ ಆದದ್ದು ಏನೂ ಅಲ್ಲ ಎಂದು ಫೆಲ್ಥಮ್‌ನ ಹಾಲಿನಲ್ಲಿ ಕೂತು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿರಲಿಲ್ಲ.

ಇದನ್ನು ನಾನು ಅವರಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಯಾರಾದರೂ ಜಗಳಕ್ಕೆ ಬಂದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅಜ್ಜಿ ಪ್ರತಿ ತಿಂಗಳೂ ನನ್ನತ್ತ ತಿರುಗುವರು, ನಾನು ಬೇಡ ಎನ್ನುವೆ, ಅವರು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುವರು, ಆಮೇಲೆ ಎಲ್ಲರೂ ಬಿಸ್ಕತ್ತು ತಿನ್ನುವರು. ಆ ತಾಳ್ಮೆ ಕಂಡರೆ ಮೈ ಉರಿಯುತ್ತಿತ್ತು.

ಒಂದು ದಿನ ಹೆಂಡತಿಯೇ ಮಾತು ತೆಗೆದಳು. "ನಿಮ್ಮ ಮುತ್ತಜ್ಜ ದೀಕ್ಷಾಸ್ನಾನ ತಕೊಂಡು ಕ್ರಿಶ್ಚನ್ ಆದದ್ದು ಮದುವೆ ಆಗಿ ಮಕ್ಕಳಾದ ಮೇಲಲ್ವಾ? ಅವರನ್ನು ಮನೆಯಿಂದ ಹೊರಗೆ ಹಾಕಿದ್ದುಂಟಲ್ಲ. ಹಾಕಿದವರು ಯಾರು, ಅವರ ಅಪ್ಪನೇ ಅಲ್ವಾ?"

"ಅದು ಬೇರೆ, ಇದು ಬೇರೆ," ಎಂದೆ.

"ಎಂತ ಬೇರೆ ಮಾರಾಯ್ರೆ?" ಎಂದು ಅವಳು ಪಾತ್ರೆ ತೊಳೆಯಲು ಹೋದಳು.

ಅಷ್ಟರಲ್ಲಿ ಗುಂಪಿನವರು ತಮ್ಮ ಪಂಥ ಹುಟ್ಟಿದ ಬಗೆಯನ್ನು ಸರದಿಯಂತೆ ಒಬ್ಬೊಬ್ಬರು ಹೇಳಬೇಕೆಂದು ಗೊತ್ತುಮಾಡಿದರು. ಮೊದಲ ಮುಂದಾಳುಗಳ ಕಥೆ ನನ್ನ ಪಾಲಿಗೆ ಬಂತು. ಇವರ ಬಾಯಿ ಮುಚ್ಚಿಸಲು ಒಳ್ಳೆಯ ಅವಕಾಶ ಎಂದು ಲೈಬ್ರರಿಯಿಂದ ಮೂರು ದಪ್ಪ ಪುಸ್ತಕ ತಂದು, ಶೆಡ್ಡಿನ ಊಟದ ಬಿಡುವಿನಲ್ಲಿ ಓದಿದೆ.

ಓದಿದಷ್ಟೂ ನನಗೆ ಬೇಕಾದದ್ದೇ ಸಿಕ್ಕಿತು. ಐನೂರು ವರ್ಷದ ಹಿಂದೆ ಜ್ಯೂರಿಕ್‌ನಲ್ಲಿ ಕೆಲವು ಯುವಕರು ಊರಿನ ದೊಡ್ಡ ಬೋಧಕನ ಬಳಿ ಬೈಬಲ್ ಓದುತ್ತಿದ್ದರು. ಹಸುಗೂಸಿಗೆ ಸ್ನಾನ ಕೊಡಬೇಕೆಂದು ಎಲ್ಲಿ ಬರೆದಿದೆ ಎಂದು ಕೇಳಿದರು. ಆತುರ ಬೇಡ, ನಗರಸಭೆ ತೀರ್ಮಾನಿಸಲಿ ಎಂದ ಗುರು. ನಗರಸಭೆಯೋ, ಸ್ನಾನವಾಗದ ಮಕ್ಕಳಿಗೆ ಎಂಟು ದಿನದೊಳಗೆ ಮಾಡಿಸಿ, ಇಲ್ಲವೇ ಊರು ಬಿಡಿ ಎಂದಿತು. ಅವರು ಒಂದು ಮನೆಯಲ್ಲಿ ಸೇರಿದರು. ಒಬ್ಬ ತನ್ನ ತಲೆಗೆ ನೀರು ಹೊಯ್ಯುವಂತೆ ಗೆಳೆಯನನ್ನು ಬೇಡಿಕೊಂಡ, ಆಮೇಲೆ ತಾನೇ ಉಳಿದವರಿಗೆ ಹೊಯ್ದ. ಎರಡನೆಯ ಸಲ ಸ್ನಾನ ಮಾಡಿಸುವವರು, ಅನಬ್ಯಾಪ್ಟಿಸ್ಟರು, ಎಂದು ವೈರಿಗಳು ಹೆಸರಿಟ್ಟರು. ಐದಾರು ವರ್ಷದೊಳಗೆ ಆ ಮೊದಲ ಮುಂದಾಳುಗಳಲ್ಲಿ ಒಬ್ಬ ಪ್ಲೇಗಿನಿಂದ ಸತ್ತ, ಒಬ್ಬನನ್ನು ಕೈಕಾಲು ಕಟ್ಟಿ ನದಿಗೆ ನೂಕಿದರು, ಮತ್ತೊಬ್ಬನನ್ನು ಸುಟ್ಟರು. ಚೆದುರಿದವರನ್ನು ಒಟ್ಟುಗೂಡಿಸಿದ್ದು ಆಮೇಲೆ ಬಂದ ಒಬ್ಬ ಡಚ್ ಪಾದ್ರಿ. ತನ್ನ ಕೆಲಸ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರೂರು ತಲೆಮರೆಸಿಕೊಂಡು ಓಡಾಡಿದ. ಮೆನ್ನೊನೈಟ್ ಎಂಬ ಹೆಸರು ಬಂದದ್ದು ಅವನಿಂದ.

ನನ್ನ ಸರದಿಯ ದಿನ ವೃತ್ತದಲ್ಲಿ ಇಷ್ಟನ್ನೂ ಹೇಳಿ ಕೊನೆಗೆ ಕುಟುಕಿದೆ: "ನಿಮ್ಮ ಮೂಲಪುರುಷರು ಯಾರ ಒಪ್ಪಿಗೆಗೂ ಕಾಯಲಿಲ್ಲ. ನೀವು ಒಂದು ಕೆಟಲ್‌ಗೂ ಕಾಯುತ್ತೀರಿ."

ವೃತ್ತವೆಲ್ಲ ನಕ್ಕಿತು. ಅಜ್ಜಿಯಂತೂ ಕಣ್ಣೊರೆಸಿಕೊಂಡು ನಕ್ಕರು. ನಾನು ಗೆದ್ದವನಂತೆ ಕೂತೆ. ಮಗಳು ಮಾತ್ರ ನಗಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ಅವಳು ಬಾಯಿ ಬಿಟ್ಟಳು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ; ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಪಪ್ಪಾ, ನೀವು ಮೇಜಿನ ಮೇಲಿಟ್ಟ ಪುಸ್ತಕ ನಾನೂ ಓದಿದೆ. ನದಿಗೆ ನೂಕುವಾಗ ಅವನ ಅಮ್ಮ ದಡದಲ್ಲಿ ನಿಂತು, ಗಟ್ಟಿಯಾಗಿರು, ಹಿಂಜರಿಯಬೇಡ ಅಂತ ಕೂಗಿದಳಂತೆ. ಅವಳನ್ನು ಯಾಕೆ ಬಿಟ್ಟಿರಿ?"

ಬೇಕೆಂದೇ ಬಿಟ್ಟಿದ್ದೆ. ಓದಿದ ದಿನ ಆ ಪುಟವನ್ನು ಎರಡು ಸಲ ತಿರುವಿ, ಇದು ಬೇಡ ಎಂದುಕೊಂಡಿದ್ದೆ. "ಟೈಮ್ ಇರ್ಲಿಲ್ಲ," ಎಂದೆ.

"ಆ ಕಥೆಯಲ್ಲಿ ನೀವು ಯಾರು?" ಎಂದಳು.

ನಾನು ನಗರಸಭೆ; ಅದನ್ನು ಹೇಳದೆ ರೇಡಿಯೋ ಹಾಕಿದೆ. ಮೊದಲು ನನಗೆ ಬಂದದ್ದು ಸಿಟ್ಟೇ. ನಾನೇ ಹೊತ್ತು ತಂದ ಪುಸ್ತಕದಿಂದ ನನಗೇ ಪೆಟ್ಟು ಬಿದ್ದಿತ್ತು. ಆಮೇಲಿನ ದಿನಗಳಲ್ಲಿ ನಾಚಿಕೆಯಾಯಿತು. ಮೊದಲ ಸಲ ಬೇಡ ಎಂದು ಆಗಲೇ ಹನ್ನೊಂದು ತಿಂಗಳಾಗಿತ್ತು. ಸೆಪ್ಟೆಂಬರಿನಲ್ಲಿ ಅವಳು ಓದಲು ಬೇರೆ ಊರಿಗೆ ಹೋಗುವವಳಿದ್ದಳು.

ಮುಂದಿನ ತಿಂಗಳು ಅಜ್ಜಿ ನನ್ನತ್ತ ತಿರುಗಿದಾಗ, ಒಪ್ಪಿಗೆ ಇದೆ ಎಂದೆ. ಅಮ್ಮ ಮಗುವನ್ನು ಎತ್ತಿಕೊಂಡು ನಿಂತದ್ದನ್ನೂ ಹೇಳಿದೆ. ಯಾರೋ ನನ್ನ ಭುಜ ಹಿಡಿದರು. ಅಜ್ಜಿ ಪೆನ್ನು ಎತ್ತಿಕೊಂಡು ಮಗಳನ್ನು ನೋಡಿ, ಯಾವ ಭಾನುವಾರ ಇಟ್ಟುಕೊಳ್ಳೋಣ ಎಂದು ಕೇಳಿದರು.

ಮಗಳು ಮೊದಲ ಸಲದಂತೆಯೇ ಎದ್ದು ನಿಂತಳು. ಈಗ ಬೇಡ ಎಂದಳು. "ಕಳೆದ ವರ್ಷ ಕೇಳಿದಾಗ ನನಗೆ ಖಚಿತವಿತ್ತು. ಆಮೇಲೆ ಪಪ್ಪ ಏನು ಹೇಳ್ತಾರೆ ಅಂತ ಕಾಯುವುದೇ ಆಯಿತು. ಈಗ ನೀರಿಗಿಳಿದರೆ ಪಪ್ಪ ಬಿಟ್ಟರು ಅಂತ ಇಳಿದ ಹಾಗೆ. ನಾನು ಮೂರು ತಿಂಗಳ ಮಗುವಾಗಿದ್ದಾಗಲೂ ಹಾಗೇ ಅಲ್ಲವಾ ಆದದ್ದು?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಜ್ಜಿ ನನ್ನ ಒಪ್ಪಿಗೆ ಬರೆದ ಸಾಲನ್ನು ಹೊಡೆದುಹಾಕಿದರು. ಹುಡುಗಿ ಕಾಯಬೇಕೆನ್ನುತ್ತಾಳೆ, ಎಲ್ಲರೂ ಒಪ್ಪುತ್ತೀರಾ ಎಂದು ಪದ್ಧತಿಯಂತೆ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಎಲ್ಲರೂ ಒಪ್ಪಿದರು. ಹೆಂಡತಿ ನೆಲ ನೋಡುತ್ತಾ ಒಪ್ಪಿದಳು. ಕೊನೆಯ ಕುರ್ಚಿ ನನ್ನದು. ನಾನೊಬ್ಬ ಬೇಡ ಎಂದಿದ್ದರೆ ಮಾತು ಇನ್ನೊಂದು ತಿಂಗಳು ಎಳೆಯುತ್ತಿತ್ತು, ಅವಳು ಮನಸ್ಸು ಬದಲಿಸಿದರೂ ಬದಲಿಸುತ್ತಿದ್ದಳು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೂಂ ಎಂದೆ.