ಹೆದೆಯ ಸುತ್ತು, ಅತ್ತೆಯ ಉಗುರು

ನಾನು ಬಿ.ಎ. ಆಗುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ನನ್ನ ಸೋದರತ್ತೆ ಈರಮ್ಮ. ಆಮೇಲೆ ಇನ್ನೂ ಕೆಲವರು ಹೇಳಿದರು. ಶಾಲೆಯ ಒಬ್ಬ ಮಾಸ್ತರರು ಹೇಳಿದರು, ಊರ ಪಟವಾರಿ ಹೇಳಿದ, ಒಂದೆರಡು ಸಲ ನಾನೇ ಹೇಳಿಕೊಂಡೆ. ಆದರೂ ಮೊದಲು ಹೇಳಿದ ಮಾನ ಅತ್ತೆಯದೇ. ಆಕೆ ಸಿಟ್ಟಿನಿಂದ ಹೇಳಲಿಲ್ಲ. ಜೋಳ ಹಸನು ಮಾಡುತ್ತ ಕೂತಿದ್ದಳು, ಕಲ್ಲು ಆರಿಸಿ ಎಸೆದಂತೆ ಎಸೆದಳು: "ಇದು ಆಗಂಗಿಲ್ಲ."

ಮೊನ್ನೆ ಈ ಮಾತು ನೆನಪಾದದ್ದು ವಾಡಿ ಸ್ಟೇಷನ್ನಿನ ಹೊರಗೆ. ಗಾಡಿ ತಡವಾಗಿತ್ತು, ಚಪ್ಪಲಿಯ ಉಂಗುಟ ಕಿತ್ತಿತ್ತು. ಒಂದಕ್ಕೆ ಕಾಯುವುದಾದರೆ ಇನ್ನೊಂದನ್ನು ಹೊಲಿಸಬಹುದೆಂದು ಬೇವಿನ ಗಿಡದ ಕೆಳಗಿನ ಚಪ್ಪಲಿ ಹೊಲಿಯುವವನ ಮುಂದೆ ಕೂತೆ. ಅವನು ದಾರ ತೆಗೆದು ಒಂದು ಮೇಣದ ಗಟ್ಟಿಗೆ ತಿಕ್ಕಿದ. ಜೇನುಮೇಣ. ಬಿಸಿಲಿಗೆ ಅದರ ವಾಸನೆ ಎದ್ದಿತು. ಅವನು ಹೊಲಿದು ಕೊಟ್ಟ ಕೂಡಲೇ ನಾನು ಚಪ್ಪಲಿಯನ್ನು ಕಾಲಿಗೆ ಹಾಕುವುದು ಬಿಟ್ಟು, ಹೊಲಿಗೆಯ ತುದಿಗೆ ಹೆಬ್ಬೆರಳಿನ ಉಗುರು ಹಾಕಿ ಕೆದರಿದೆ.

"ಯಾಕ್ರಿ ಸಾಹೇಬ್ರ, ಈಗ ಹೊಲದೀನಿ, ಆಗಲೇ ಬಿಚ್ಚಾಕತ್ತೀರಿ?" ಎಂದ.

"ಬಿಚ್ಚಾಕತ್ತಿಲ್ಲಪ್ಪ, ನೋಡಾಕತ್ತೀನಿ."

"ನೋಡೂದಿದ್ರ ಕಣ್ಣಿಲೆ ನೋಡ್ರಿ."

ನ್ಯಾಯವಾದ ಮಾತು. ಆದರೆ ದಾರದ ಕೆಲಸವನ್ನು ಕಣ್ಣಿನಿಂದ ನೋಡುವುದು ನಮ್ಮ ಮನೆಯ ಪದ್ಧತಿಯಲ್ಲ ಎಂದು ಅವನಿಗೆ ಹೇಗೆ ಹೇಳುವುದು? ನಿಮಗೆ ಹೇಳುತ್ತೇನೆ.

ನಮ್ಮದು ಬೇಡರ ಮನೆತನ. ಕುಂಚಾವರಂ ಕಾಡಿನ ಅಂಚಿನಲ್ಲಿ ನಮ್ಮವರ ಕೆಲವು ಗುಡಿಸಲುಗಳಿದ್ದವು. ಅಲ್ಲಿ ಮನುಷ್ಯರು ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುತ್ತಿದ್ದರು. ನಿಜಾಮರ ಸರಕಾರ ಪೂರಾ ಉರ್ದುವಿನಲ್ಲಿ ಮಾತಾಡುತ್ತಿತ್ತು. ಅಪ್ಪ ಅವ್ವ ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದರು. ನಾನು ಬೆಳೆದದ್ದು ಅತ್ತೆಯ ಹತ್ತಿರ. ಆಕೆಯ ಗಂಡ ಸಾಬಣ್ಣ ಮಾಮ ಬಿಲ್ಲು ಹಿಡಿದು ರೈತರ ಹೊಲ ಕಾಯುತ್ತಿದ್ದ. ಜೋಳ ಹಾಲುಗಾಳು ಆದಾಗ ಕಾಡುಹಂದಿ ಬರುತ್ತದೆ. ಹಂದಿ ಬೆಳಕು ನೋಡಿಕೊಂಡು ಬರುವುದಿಲ್ಲ.

ಬಿಲ್ಲು ನೋಡಿದವರಿಗೆ ಬಿಲ್ಲು ಕಾಣುತ್ತದೆ, ಬಾಣ ಕಾಣುತ್ತದೆ. ಬಿಲ್ಲಿಗೆ ಬಿಗಿದ ಹೆದೆಯ ನಡುವೆ ನೂಲಿನಿಂದ ಸುತ್ತಿದ ಒಂದು ಸಣ್ಣ ಉಬ್ಬು ಇರುವುದು ಯಾರಿಗೂ ಕಾಣುವುದಿಲ್ಲ. ಬಾಣದ ಹಿಂದಿನ ಸೀಳು ಪ್ರತಿ ಸಲವೂ ಆ ಉಬ್ಬಿನ ಕೆಳಗೇ ಕೂಡಬೇಕು. ಅದಿಲ್ಲದಿದ್ದರೆ ಒಂದು ಬಾಣ ಹಂದಿಯ ಕಡೆ ಹೋದರೆ ಇನ್ನೊಂದು ತಾಂಡೂರಿನ ಕಡೆ ಹೋಗುತ್ತದೆ. ಕತ್ತಲಲ್ಲಿ ಬೆರಳು ತಾನೇ ಹುಡುಕಿಕೊಂಡು ಹೋಗಿ ಅದನ್ನು ಮುಟ್ಟಬೇಕು. ಅದಕ್ಕೇ ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ನಾವು ಅದನ್ನು ಸುತ್ತು ಎನ್ನುತ್ತಿದ್ದೆವು.

ನಮ್ಮ ಕಡೆಯ ಎಲ್ಲ ಬಿಲ್ಲುಗಳಿಗೂ ಸುತ್ತು ಹಾಕುವವಳು ಅತ್ತೆ. ಹಾಕುವ ಬಗೆ ಹೇಳಲು ಸುಲಭ. ಹೆದೆ ಪುಂಡಿ ನಾರಿನದು, ಸುತ್ತುವ ನೂಲು ಹಳೆಯ ಸೀರೆಯ ಅಂಚಿನದು. ನೂಲಿಗೆ ಮೇಣ ತಿಕ್ಕಬೇಕು. ಬಾಣವನ್ನು ಹೆದೆಗೆ ನೆಟ್ಟಗೆ ಹಚ್ಚಿ, ಅಲ್ಲಿಂದ ಒಂದು ಜೋಳದ ಕಾಳಿನಷ್ಟು ಮೇಲೆ ಗುರುತು ಹಿಡಿಯಬೇಕು. ಒಂದು ಎಳೆಯನ್ನು ಮಡಚಿ ಕುಣಿಕೆ ಮಾಡಿ ಹೆದೆಯ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ನೂಲು ಸುತ್ತುತ್ತ ಬರಬೇಕು. ಸುತ್ತಿನ ಮೇಲೆ ಸುತ್ತು ಹತ್ತಬಾರದು, ನಡುವೆ ಸಂದೂ ಇರಬಾರದು. ಕೊನೆಗೆ ನೂಲಿನ ತುದಿಯನ್ನು ಕುಣಿಕೆಯಲ್ಲಿ ತೂರಿಸಿ, ಕುಣಿಕೆಯನ್ನು ಆಚೆಯಿಂದ ಎಳೆದರೆ ಅದು ತುದಿಯನ್ನು ಕಚ್ಚಿಕೊಂಡು ಒಳಗೆ ಹೋಗುತ್ತದೆ. ಗಂಟಿಲ್ಲ, ತುದಿಯೂ ಇಲ್ಲ. ನೂಲು ಎಲ್ಲಿ ಮುಗಿಯಿತು ಎಂಬುದು ಸುತ್ತಿದವರಿಗೂ ತಿಳಿಯಬಾರದು.

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ಬಣ್ಣದ್ದು, ಹಾಗೇ ಗಟ್ಟಿ. ಅದನ್ನು ಆಕೆ ಎಂದೂ ತೆಗೆಸುತ್ತಿರಲಿಲ್ಲ. ಸುತ್ತುಗಳನ್ನು ಒತ್ತೊತ್ತಾಗಿ ಕೂಡಿಸಲಿಕ್ಕೂ ಅದೇ, ಬೇರೆಯವರು ಹಾಕಿದ್ದನ್ನು ಕೆದರಿ ಬಿಚ್ಚಲಿಕ್ಕೂ ಅದೇ. ಮಾಮ ಲಗ್ನವಾದ ವರ್ಷ ಹೆಂಡತಿಯನ್ನು ಕೇಳಲು ನಾಚಿ ತಾನೇ ಒಂದು ಸುತ್ತು ಹಾಕಿಕೊಂಡಿದ್ದನಂತೆ. ಹಂದಿ ಎದುರಿಗೆ ಬಂದಾಗ ಅದು ಜಾರಿತು. ಅಂದಿನಿಂದ ಮಾಮನ ಎಡಗಾಲು ಕುಂಟು. ಅತ್ತೆ ಆ ವಿಷಯವನ್ನು ಮರೆತವಳಲ್ಲ. ಮಾಮ ಸಾರಿಗೆ ಉಪ್ಪು ಕಡಿಮೆ ಎಂದರೂ ಸಾಕು, "ಸುತ್ತು ಹಾಕಿದವ್ರು ಉಪ್ಪೂ ಹಾಕೊಳ್ರಿ" ಎನ್ನುತ್ತಿದ್ದಳು.

ಇಂಥವಳ ಮನೆಗೆ ನಾನು ಹೈದರಾಬಾದಿನಿಂದ ಇಂಟರ್ ಪರೀಕ್ಷೆಯಲ್ಲಿ ನಪಾಸಾಗಿ ಬಂದೆ. ಉರ್ದುವಿನಲ್ಲಿ ಪಾಸಾಗಿದ್ದೆ, ಲೆಕ್ಕದಲ್ಲಿ ಪಾಸಾಗಿದ್ದೆ, ಇಂಗ್ಲಿಷು ಕೈಬಿಟ್ಟಿತ್ತು. ಕೈಬಿಟ್ಟದ್ದು ಇಂಗ್ಲಿಷೋ ನಾನೋ ಎಂದು ಈಗ ವಾದಿಸಿ ಫಲವಿಲ್ಲ. ಅಪ್ಪ ಶಹಾಬಾದಿನಿಂದ ಬಂದು ಕಟ್ಟೆಯ ಮೇಲೆ ಕೂತ. ಖಣಿಯಲ್ಲಿ ಒಬ್ಬ ಆಳು ಬೇಕಾಗಿದ್ದಾನೆ ಎಂದ. ನಾನು ಇನ್ನೊಂದು ಸಲ ಪರೀಕ್ಷೆಗೆ ಕೂಡುತ್ತೇನೆ, ಬಿ.ಎ. ಆಗುತ್ತೇನೆ ಎಂದೆ. ಅಪ್ಪ ಅತ್ತೆಯ ಮುಖ ನೋಡಿದ. ಅತ್ತೆ ಆ ಮಾತು ಹೇಳಿದ್ದು ಆಗಲೇ, ಜೋಳ ಹಸನು ಮಾಡುತ್ತ.

"ಯಾಕ ಆಗಂಗಿಲ್ಲ ಅತ್ತಿ?"

"ನಿಂದು ಎಲ್ಲಾ ಸುರುನೇ ತಮ್ಮಾ. ಕೊಡ ಅರ್ಧಾ ತುಂಬಿ ಭಾವಿ ಮ್ಯಾಲ ಬಿಟ್ಟು ಬಂದಿ. ಆಕಳ ಅರ್ಧಾ ಕಟ್ಟಿ ಬಂದಿ. ಈಗ ಕಾಲೇಜು."

"ಆಕಳ ಅರ್ಧಾ ಹೆಂಗ ಕಟ್ಟಾಕ ಬರ್ತದ?"

"ಅದನ್ನ ಆಕಳಿಗೇ ಕೇಳು. ತಾಂಡೂರ ದಾರ್ಯಾಗ ಸಿಕ್ತು."

ಅಪ್ಪ ಎದ್ದು ನಿಂತ. "ಕಾರಹುಣ್ಣಿವಿಗೆ ಬರ್ತೀನಿ. ಅಕ್ಕ ಹೆಂಗಂತಾಳ ಹಂಗ" ಎಂದು ಹೇಳಿ ಹೊರಟುಹೋದ. ನಮ್ಮ ಮನೆಯಲ್ಲಿ ಮೇಲಿನ ಕೋರ್ಟು ಅತ್ತೆಯೇ, ಅದರ ಮೇಲೆ ಅಪೀಲು ಇರಲಿಲ್ಲ.

ಅವನು ಕಣ್ಮರೆಯಾದ ಮೇಲೆ ಅತ್ತೆ ಮೇಣದ ಉಂಡೆಯನ್ನೂ ಸೀರೆಯಂಚಿನ ನೂಲನ್ನೂ ನನ್ನ ಮುಂದೆ ಇಟ್ಟಳು. "ಒಂದು ಸುತ್ತು ಹಾಕು. ನಾ ಉಗುರು ಹಾಕ್ತೀನಿ. ಬಿಚ್ಚಲಿಲ್ಲಂದ್ರ ಹೋಗು, ನಿಮ್ಮಪ್ಪಗ ನಾ ಹೇಳ್ತೀನಿ. ಬಿಚ್ಚಿತಂದ್ರ ಶಹಾಬಾದ."

ನಾನು ನಕ್ಕೆ. ಇಂಟರ್ ತನಕ ಓದಿದವನಿಗೆ ನೂಲು ಸುತ್ತುವ ಪರೀಕ್ಷೆ! ಆ ನಗೆ ಸಂಜೆಯವರೆಗೂ ಉಳಿಯಲಿಲ್ಲ. ನನ್ನ ಮೊದಲನೆಯ ಸುತ್ತನ್ನು ಆಕೆ ಬಿಚ್ಚುವ ತೊಂದರೆ ಕೂಡ ತೆಗೆದುಕೊಳ್ಳಲಿಲ್ಲ. ಊದಿದಳು, ಬಿಚ್ಚಿತು.

ಆ ಬೇಸಿಗೆಯೆಲ್ಲ ನಾನು ಮುಂಜಾನೆ ಇಂಗ್ಲಿಷು ಓದಿದೆ, ಮಧ್ಯಾಹ್ನ ಮುತ್ತುಗದ ನೆರಳಲ್ಲಿ ಕೂತು ಸುತ್ತು ಹಾಕಿದೆ. ಸಂಜೆ ಅತ್ತೆ ಬಂದು ಹೆದೆಯನ್ನು ಮೊಳಕಾಲಿನ ಮೇಲೆ ಹಾಕಿಕೊಂಡು, ಬೇರೆ ಕಡೆ ನೋಡುತ್ತ, ಉಗುರು ಆಡಿಸುತ್ತಿದ್ದಳು. ಉಗುರು ಒಂದು ಕಡೆ ನಿಲ್ಲುತ್ತಿತ್ತು. "ಇಲ್ಲೇ ಅದ" ಎನ್ನುತ್ತಿದ್ದಳು. ನೂಲು ಸರಸರನೆ ಬಿಚ್ಚಿ ಆಕೆಯ ಮಡಿಲಿಗೆ ಬೀಳುತ್ತಿತ್ತು.

ಒಂದು ದಿನ ನನಗೆ ಬುದ್ಧಿ ಹೊಳೆಯಿತು. ವಿದ್ಯಾವಂತರಿಗೆ ಹೊಳೆಯುವಂಥ ಬುದ್ಧಿ. ಹಾಸ್ಟೆಲಿನಲ್ಲಿ ಲಕೋಟೆ ಅಂಟಿಸುತ್ತಿದ್ದೆವಲ್ಲ, ಹಾಗೆಯೇ ಜಾಲಿ ಗಿಡದ ಅಂಟು ತಂದು ತುದಿಗೆ ಹಚ್ಚಿ ಒಣಗಿಸಿದೆ. ಕಲ್ಲಾಯಿತು. ಇದು ಹೊಸ ಪದ್ಧತಿ, ಇನ್ನು ಮುಂದೆ ಎಲ್ಲರೂ ಹೀಗೇ ಮಾಡಬಹುದು ಎಂದು ಅತ್ತೆಗೆ ವಿವರಿಸಿದೆ. ಆಕೆ ಪೂರ್ತಿ ಕೇಳಿಕೊಂಡಳು. ಉಗುರು ಹಾಕಿದಳು, ನಿಲ್ಲಲಿಲ್ಲ. ಆಮೇಲೆ ಸುತ್ತನ್ನು ಬಾಯಲ್ಲಿ ಇಟ್ಟುಕೊಂಡು, ಎಲೆಯಡಿಕೆಯ ಹಾಗೆ ಸ್ವಲ್ಪ ಹೊತ್ತು ದವಡೆಗೆ ಒತ್ತಿಕೊಂಡಳು. ಹೊರಗೆ ತೆಗೆದಾಗ ನೂಲು ಜೋತುಬಿದ್ದಿತ್ತು.

"ಮಳಿ ಬಂದ್ರ ಹಂದಿಗೆ ಏನ್ ಹೇಳ್ತಿ? ಒಣಗೂತನ ನಿಂದ್ರು ಅಂತೀಯೇನು?"

ಮಾಮ ನಗಲಿಕ್ಕೆ ಬಾಯಿ ತೆರೆದ. ಅತ್ತೆ ಅವನ ಎಡಗಾಲು ನೋಡಿದಳು. ಮಾಮ ಬಾಯಿ ಮುಚ್ಚಿದ.

ಅಂದಿನಿಂದ ನಾನು ಹೊಸ ಪದ್ಧತಿಗಳನ್ನು ಬಿಟ್ಟೆ. ಕುಣಿಕೆ ಎಳೆಯುವಾಗ ನನ್ನ ಕೈ ಅವಸರ ಮಾಡುತ್ತಿತ್ತು; ಮುಗಿಯಿತಲ್ಲ ಎಂಬ ಖುಷಿಯಲ್ಲಿ ಕೊನೆಯ ಎರಡು ಸುತ್ತು ಸಡಿಲಾಗುತ್ತಿದ್ದವು. ಇಂಗ್ಲಿಷಿನಲ್ಲಿ ನಪಾಸಾದದ್ದೂ ಹಾಗೆಯೇ ಎಂದು ಆಗ ನೆನಪಾಯಿತು. ಕೊನೆಯ ಪ್ರಶ್ನೆ ಬಿಟ್ಟು ಎದ್ದು ಬಂದಿದ್ದೆ. ಇದನ್ನು ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಉಪ್ಪಿನ ಮಾತಿಗೆಲ್ಲ ಅದೂ ಸೇರುತ್ತಿತ್ತು.

ಕಾರಹುಣ್ಣಿಮೆಯ ದಿನ ಅಪ್ಪ ಬಂದ. ನಾನು ಸುತ್ತು ಹಾಕಿದ ಹೆದೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅಪ್ಪ ನಿಂತೇ ಇದ್ದ. ಅತ್ತೆ ಮೇಲಿಂದ ಕೆಳಗೆ ಹೆಬ್ಬೆರಳು ಆಡಿಸಿದಳು. ಕೆಳಗಿಂದ ಮೇಲೆ ಆಡಿಸಿದಳು. ತಿರುಗಿಸಿ ಮತ್ತೆ ಆಡಿಸಿದಳು. ಎಲ್ಲಿಯೂ ನಿಲ್ಲಲಿಲ್ಲ. ಹೆದೆಯನ್ನು ಮಾಮನಿಗೆ ಕೊಟ್ಟಳು. ಅವನು ಬಿಲ್ಲಿಗೆ ಏರಿಸಿ, ಕಣ್ಣು ಮುಚ್ಚಿ ಬಾಣ ಕೂಡಿಸಿ, ಕಣ್ಣು ತೆರೆದು ಒಣ ಮುತ್ತುಗದ ಬೊಡ್ಡೆಗೆ ಬಿಟ್ಟ. ನಾಟಿತು.

"ಹೋಗ್ಲಿ ಬಿಡು" ಎಂದಳು ಅತ್ತೆ ಅಪ್ಪನಿಗೆ. ಅಷ್ಟೇ. ಅಪ್ಪ ಉಂಡು ಒಬ್ಬನೇ ಶಹಾಬಾದಿಗೆ ಹೋದ.

ನನ್ನನ್ನು ತಾಂಡೂರು ಸ್ಟೇಷನ್ನಿನವರೆಗೆ ಬಿಡಲಿಕ್ಕೆ ಮಾಮ ಬಂದ. ಗಾಡಿಯ ಹೊಗೆ ಕಂಡ ಮೇಲೆ ಹೇಳಿದ: "ಹುಣ್ಣಿವಿ ಹಿಂದಿನ ದಿನ ಕ್ಷೌರದಂವ ಬಂದಿದ್ದನಲ್ಲ. ನಿಮ್ಮತ್ತಿ ಬೆರಳು ಮುಂದ ಮಾಡಿ ಕುಂತಿದ್ಳು. ಹೆಬ್ಬೆರಳಿನ ಉಗುರೂ ತಗಸಿದಳು. ಲಗ್ನ ಆದಾಗಿಂದ ಆಕಿ ಅದನ್ನ ತಗಸಿದ್ದು ನಾ ನೋಡಿಲ್ಲ."

ಗಾಡಿ ಬಂತು, ಹತ್ತಿದೆ. ಹೀಗಾಗಿ ನಾನು ಇಂಟರ್ ಪಾಸಾಗಿ ಬಿ.ಎ.ಗೆ ಸೇರಿ ಓದಿದಷ್ಟು ಕಾಲವೂ ಕುಂಚಾವರಂ ಪರೀಕ್ಷೆಯಲ್ಲಿ ಪಾಸೋ ನಪಾಸೋ ತಿಳಿಯದೆ ಓದಿದೆ. ಇಂಗ್ಲಿಷಿನ ಕಾಗದದಲ್ಲಿ ಕೊನೆಯ ಪ್ರಶ್ನೆಗೆ ಬಂದಾಗ ಗಂಟೆ ಬಾರಿಸುವವರೆಗೂ ಏಳಲಿಲ್ಲ. ಈಗ ನಾನು ಸೇಡಂನಲ್ಲಿ ಹೆಡ್ ಮಾಸ್ತರನಾಗಿ ನಿವೃತ್ತನಾದವನು. ಹಾಲಿನವನಿಗೆ ಕೊಡುವ ಚೀಟಿಗೂ ಬಿ.ಎ. ಎಂದು ಸೇರಿಸಿಯೇ ಸಹಿ ಮಾಡುತ್ತೇನೆ. ನಗುವವರು ನಗಲಿ. ಅವರಿಗೆ ಅತ್ತೆ ಇರಲಿಲ್ಲ.

ಬಿ.ಎ. ಪದವಿಯ ಸನದು ಹಿಡಿದು ನಾನು ಊರಿಗೆ ಬಂದಾಗ ನಿಜಾಮರ ಕಾಲ ಮುಗಿಯುತ್ತ ಬಂದಿತ್ತು. ಗಲಾಟೆಯ ದಿನಗಳು. ಹತಾರವೆಂದು ಸರಕಾರದವರು ನಮ್ಮವರ ಬಿಲ್ಲುಗಳನ್ನೆಲ್ಲ ಒಯ್ದಿದ್ದರು. ಗೋಡೆಯ ಗೂಟ ಬರಿದಾಗಿತ್ತು. ಅಪ್ಪನೂ ಖಣಿ ಬಿಟ್ಟು ಬಂದು ಅಲ್ಲೇ ಇದ್ದ. ಅತ್ತೆ ಕಟ್ಟೆಯ ಮೇಲೆ ಕೈ ಖಾಲಿ ಇಟ್ಟುಕೊಂಡು ಕೂತಿದ್ದಳು. ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಕಾಲು ಮುಟ್ಟಿ ಸನದನ್ನು ಆಕೆಯ ಕೈಗೆ ಕೊಟ್ಟೆ. ಉರ್ದು ಬರಹ, ಕೆಳಗೆ ದೊಡ್ಡ ಮೊಹರು. ಆಕೆ ಬರಹ ನೋಡಲಿಲ್ಲ, ಮೊಹರೂ ನೋಡಲಿಲ್ಲ. ಸನದನ್ನು ಮೊಳಕಾಲಿನ ಮೇಲೆ ಹಾಸಿಕೊಂಡು ಕಾಡಿನ ಕಡೆ ನೋಡುತ್ತ, ಹೆಬ್ಬೆರಳನ್ನು ಅದರ ಅಂಚಿಗೆ ಹಚ್ಚಿದಳು. ಉಗುರು ಬೆಳೆದಿತ್ತು, ಮೊದಲಿನ ಹಾಗೆಯೇ ಕೊಂಬಿನ ಬಣ್ಣದ್ದು. ಅಂಚಿನ ಸುತ್ತ ನಿಧಾನವಾಗಿ ಆಡಿಸಿದಳು. ಮೊಹರಿನ ಅಂಚಿನಲ್ಲಿ ಒಮ್ಮೆ ನಿಲ್ಲಿಸಿ ಒತ್ತಿ ಕೆದರಿದಳು. ಅಪ್ಪ "ಅಕ್ಕಾ, ಹರೀತದ" ಎಂದ. ಆಕೆ ಕೇಳಲಿಲ್ಲ. ಪೂರಾ ಒಂದು ಸುತ್ತು ಬಂದಮೇಲೆ ಸನದನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಈ ಸಲ ಉಗುರು ತಗಸಿಲ್ಲ ನೋಡು" ಎಂದಳು. "ಬಿಚ್ಚಂಗಿಲ್ಲ ಇದು."