ಎನಿಫಾ ಶಾಲೆಗೆ ಹೋದದ್ದು

ಚಿಲ್ವಾ ಸರೋವರದ ದಂಡೆಯಲ್ಲಿ ಮೀನು ಒಣಗಿಸಿ ಮಾರುವ ಎನಿಫಾಳಿಗೆ ಓದು ಬರುತ್ತಿರಲಿಲ್ಲ. ಏಳು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು, ತಮ್ಮಂದಿರನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆದವಳು. ಹಾಗಾಗಿ ಮಗಳು ಎಸ್ನಾತಿ ವರ್ಷ ವರ್ಷವೂ ಪಾಸಾಗಿ ನಾಲ್ಕನೇ ತರಗತಿಗೆ ಬಂದಾಗ ಅವಳ ಹಿಗ್ಗು ಹೇಳತೀರದು.

ಆ ಮಳೆಗಾಲದಲ್ಲಿ ಎನಿಫಾಳ ಕೈಗೂಸಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಕೊಟ್ಟ ಔಷಧಿ ಸೀಸೆಯನ್ನು ಎನಿಫಾ ಮಗಳ ಕೈಗಿಟ್ಟಳು.

"ಓದೇ, ದಿನಕ್ಕೆ ಎಷ್ಟು ಸಲ ಕುಡಿಸ್ಬೇಕಂತೆ?"

ಎಸ್ನಾತಿ ಚೀಟಿಯ ಮೇಲೆ ಬೆರಳಿಟ್ಟು ರಾಗವಾಗಿ ಓದಿದಳು: "ಇದು ಮನೆ. ಮನೆಯ ಮುಂದೆ ಮೇಕೆ. ಮೇಕೆ ಹುಲ್ಲು ತಿನ್ನುತ್ತದೆ."

ತಮಾಷೆ ಮಾಡುತ್ತಿದ್ದಾಳೆಂದು ಎನಿಫಾ ನಕ್ಕಳು. ಮಗಳು ನಗಲಿಲ್ಲ. ಎನಿಫಾ ಸೀಸೆಯನ್ನು ತಲೆಕೆಳಗು ಮಾಡಿ ಹಿಡಿದಳು. ಮಗಳು ಮತ್ತೆ ಅದೇ ಮೇಕೆಗೆ ಹುಲ್ಲು ತಿನ್ನಿಸಿದಳು.

ಕೂಸನ್ನು ಕಟ್ಟಿಕೊಂಡು, ಔಷಧಿಯ ಲೆಕ್ಕ ಕೇಳಲು ಎನಿಫಾ ಮತ್ತೆ ಆಸ್ಪತ್ರೆಗೆ ಎರಡು ಗಂಟೆ ನಡೆದಳು. ದಾರಿಯುದ್ದಕ್ಕೂ ತನ್ನಷ್ಟಕ್ಕೇ ಬೈದುಕೊಂಡಳು. ನಾಲ್ಕು ವರ್ಷ! ಈ ಶಾಲೆಯವರು ನನ್ನ ಮಗಳಿಗೆ ಓದು ಕಲಿಸಲಿಲ್ಲ, ಓದಿದ ಹಾಗೆ ನಟಿಸುವುದನ್ನು ಕಲಿಸಿದರು.

ಕೂಸಿನ ಜ್ವರ ಇಳಿದ ಮರುದಿನವೇ ಶಾಲೆಗೆ ಹೋದಳು. ಮಾವಿನ ಮರದಡಿ ನಾಲ್ಕನೇ ತರಗತಿಯ ನೂರಮೂವತ್ತು ಮಕ್ಕಳು, ಅವರೆದುರು ಒಬ್ಬಳೇ ಟೀಚರು, ಫಲೇಸಿ. ಇಡೀ ತರಗತಿಗೆ ಒಂದೇ ಪುಸ್ತಕ, ಅದೂ ಟೀಚರ ಕೈಯಲ್ಲಿ. ಅವಳು ಹೇಳಿದ್ದನ್ನು ಮಕ್ಕಳು ಒಕ್ಕೊರಲಿನಿಂದ ಕೂಗುತ್ತಿದ್ದರು.

"ಪುಸ್ತಕ ಇಲ್ವಾ, ಟೀಚರೇ?"

"ಇವೆ ಅಕ್ಕ," ಎಂದಳು ಫಲೇಸಿ. "ಹೆಡ್‌ಮಾಸ್ಟರ ರೂಮಲ್ಲಿ. ಕೇಳಿ ಕೇಳಿ ನನಗೂ ಸಾಕಾಯ್ತು."

ಹೆಡ್‌ಮಾಸ್ಟರ್ ಲಿಕಗ್ವಾ ಕುರ್ಚಿಯಿಂದ ಏಳಲೂ ಇಲ್ಲ. "ನೋಡಮ್ಮ, ಇನ್‌ಸ್ಪೆಕ್ಟರ್ ಬಂದಾಗ ಎಲ್ಲಾ ಹೊಸದಾಗಿರ್ಬೇಕು. ಹರಿದ್ರೆ ನನ್ನ ತಲೆಗೆ ಬರುತ್ತೆ."

ಅವನ ಹಿಂದೆ ಗೋಡೆಗೊತ್ತಿಕೊಂಡು ಪೆಟ್ಟಿಗೆಗಳಿದ್ದವು. ಎನಿಫಾ ಒಂದನ್ನು ಎಳೆದಳು. ಅದರ ಮೂಲೆ ಒಡೆದು, ಮಣ್ಣಿನ ಜೊತೆ ಪುಸ್ತಕದ ಚೂರುಗಳು ಉದುರಿದವು.

"ಗೆದ್ದಲು ನಾಲ್ಕನೇ ಕ್ಲಾಸು ಪಾಸಾಗಿದೆ ಮೇಷ್ಟ್ರೇ! ನನ್ನ ಮಗಳದ್ದೇ ಬಾಕಿ."

"ಅಕ್ಷರ ಗೊತ್ತಿಲ್ಲದವಳು ನನಗೆ ಪಾಠ ಹೇಳ್ತೀಯಾ?"

"ಗೊತ್ತಿಲ್ಲ ಅಂತಾನೇ ಬಂದಿದೀನಿ. ಅದರ ಸಂಕಟ ನನಗೆ ಗೊತ್ತು, ನಿಮಗಲ್ಲ."

ಆ ಪೆಟ್ಟಿಗೆಯನ್ನೇ ತಲೆಯ ಮೇಲೆ ಹೊತ್ತು ಊರ ಮುಖಂಡನ ಅಂಗಳಕ್ಕೆ ನಡೆದಳು. ಹಿಂದೆಯೇ ಬಂದ ಲಿಕಗ್ವಾ ಅಲ್ಲಿ ನೆರೆದವರೆದುರು ಗುಡುಗಿದ: "ಭತ್ತದ ಕುಯ್ಲು ಬಂದ್ರೆ ಮಕ್ಕಳನ್ನ ಗದ್ದೆಗೆ ಕಳಿಸೋರು ಯಾರು? ಇವಳ ಮಗಳು ಮೀನು ಒಣಗಿಸೋಕೆ ಅಂತ ಎಷ್ಟು ದಿನ ತಪ್ಪಿಸಿದಾಳೆ, ಕೇಳಿ!"

ಆ ಮಾತು ಎನಿಫಾಳಿಗೆ ಚುಚ್ಚಿತು, ಏಕೆಂದರೆ ಅದು ಸುಳ್ಳಲ್ಲ. "ನನ್ನ ತಪ್ಪು ಒಪ್ಕೊಂಡೆ. ಇನ್ಮೇಲೆ ತಪ್ಪಿಸಲ್ಲ," ಎಂದಳು. "ನೀವೀಗ ನಿಮ್ಮದು ಒಪ್ಕೊಳ್ಳಿ."

ಮುಖಂಡ ಪೆಟ್ಟಿಗೆಯಲ್ಲಿ ಕೈಯಾಡಿಸಿ ನೋಡಿದ. ಸಂಜೆಯೊಳಗೆ ಉಳಿದ ಪುಸ್ತಕಗಳು ಹೊರಬರಬೇಕೆಂದ. ಬಂದವು, ನಾಲ್ಕು ಮಕ್ಕಳಿಗೊಂದರಂತೆ.

ಎನಿಫಾ ಅಷ್ಟಕ್ಕೇ ಬಿಡಲಿಲ್ಲ. ಎಸ್ನಾತಿಯನ್ನು ಎರಡನೇ ತರಗತಿಗೆ ಇಳಿಸಿ ಎಂದು ಹಟ ಹಿಡಿದಳು. ಮಗಳು ಎರಡು ದಿನ ಅತ್ತಳು. ನೆರೆಯವಳು, "ಎಲ್ಲರ ಮಕ್ಕಳು ಮುಂದೆ ಹೋದ್ರೆ ನಿನ್ನ ಮಗಳು ಹಿಂದೆ ಹೋಗ್ತಾಳೆ ಕಣೇ!" ಎಂದು ಆಡಿಕೊಂಡಳು. ಮುಂದಿನ ವಾರ ಅದೇ ನೆರೆಯವಳು ತನ್ನ ಮಗನ ಕೈಹಿಡಿದು ಎರಡನೇ ತರಗತಿಯ ಬಾಗಿಲಲ್ಲಿ ನಿಂತಿದ್ದಳು.

ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಬಂದ. ಮೂಲೆ ಮಡಿಸಿದ, ಬೆರಳ ಗುರುತು ಬಿದ್ದ ಪುಸ್ತಕಗಳನ್ನು ನೋಡಿ, "ನಿರ್ವಹಣೆ ಕಳಪೆ" ಎಂದು ಬರೆದುಕೊಂಡ.

ಎನಿಫಾ ಅವನ ಜೀಪಿಗೆ ಅಡ್ಡ ನಿಂತಳು. "ಪುಸ್ತಕ ನೋಡಿದ್ರಿ ಸಾರ್, ಮಕ್ಕಳನ್ನ ಓದಿಸಿ ನೋಡಿ."

"ಟೈಮಿಲ್ಲಮ್ಮ, ಇನ್ನೂ ಮೂರು ಶಾಲೆ ಇದೆ."

"ಒಂದೇ ಒಂದು ಸಾಲು!"

ಜೀಪು ಅವಳನ್ನು ಬಳಸಿ ಹೊರಟುಹೋಯಿತು. ಎನಿಫಾ ಧೂಳಿನಲ್ಲಿ ನಿಂತು ಬೈದಳು, ಬಾಯಿ ನೋಯುವವರೆಗೂ ಬೈದಳು. ಆಮೇಲೆ ಫಲೇಸಿಯ ಹತ್ತಿರ ಹೋಗಿ, "ಇನ್ನೊಬ್ಬ ಟೀಚರು ಬೇಕು ಅಂತ ಅರ್ಜಿ ಬರೀರಿ," ಎಂದಳು. "ಜಿಲ್ಲಾ ಆಫೀಸಿಗೆ ನಾನೇ ತಗೊಂಡು ಹೋಗ್ತೀನಿ. ಅಲ್ಲಿ ಯಾವ ಜೀಪು ಬಂದ್ರೂ ಸರಿ, ನಾನಂತೂ ಜಗ್ಗಲ್ಲ."