ನಡುಗುವ ಕೈಗೆ ಯಾವ ಕಂಟ್ರೋಲರ್?

"ಆ ಮಷಿನ್ ಮಾರಿಬಿಡೋಣು. ಕೈ ಇಷ್ಟ್ ನಡಗಾಕತ್ತಾವ, ನಾಳೆ ಬೆರಳ ಹ್ವಾದ್ರ ಏನ್ ಮಾಡ್ತಿ?"

ಚಹಾ ಕುಡಿಯುತ್ತ ನಮ್ಮ ಯಜಮಾನರು ಹೀಗಂದರು.

"ಮಷಿನ್ ಮಾರಂಗಿಲ್ರೀ. ಬೇಕಾದ್ರ ನಿಮ್ಮ ಟಿವಿ ಮಾರೋಣು," ಅಂದೆ. (ಕ್ರಿಕೆಟ್ ಸೀಸನ್ ಬೇರೆ.)

ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ನಾನು ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಹಿತ್ತಲ ಕೋಣೆಯಲ್ಲೊಂದು ಪುಟ್ಟ ಮಿಲ್ಲಿಂಗ್ ಮಷಿನ್ ಇದೆ. ಮೇಲೆ ಗಿರ್ರನೆ ತಿರುಗುವ ಕಟರ್, ಕೆಳಗೆ ಕಟ್ಟಿಗೆ ಬಿಗಿಯುವ ಮೇಜು. ಹ್ಯಾಂಡಲ್ ತಿರುವಿದಂತೆ ಮೇಜು ಸರಿಯುತ್ತದೆ, ಕಟರ್ ಕೊರೆಯುತ್ತದೆ. ಅದರಲ್ಲಿ ನಾನು ಅಳಗುಳಿ ಮಣೆ ಮಾಡುತ್ತೇನೆ. ಓಣಿ ತುಂಬ ಮಗ್ಗಗಳ ಖಟಪಟ, ನಡುವೆ ನನ್ನದೊಂದು ಗುಂಯ್.

ಕಳೆದ ವರ್ಷದಿಂದ ಕೈ ನಡುಗತೊಡಗಿತು. ಮೊದಲು ಚಹಾದ ಬಸಿಯಲ್ಲಿ, ಆಮೇಲೆ ಹ್ಯಾಂಡಲ್ ಮೇಲೆ. ಗುಳಿಯ ಅಂಚು ಸೀಳಿ ಎಷ್ಟು ಮಣೆ ಒಲೆಗೆ ಹೋದವೋ! ಜಮಖಂಡಿಯ ಡಾಕ್ಟರು, "ಅಂಜೂವಂಥಾದ್ದೇನಿಲ್ರಿ. ಆದ್ರ ಪೂರ್ತಿ ಹೋಗೂದೂ ಇಲ್ಲ," ಅಂದರು.

ಹೋಗುವುದಿಲ್ಲವೇ? ಸರಿ, ನಾನೂ ಹೋಗುವುದಿಲ್ಲ. ಹ್ಯಾಂಡಲ್ ತಿರುವಲು ಮೋಟಾರು ಹಾಕುತ್ತೇನೆ, ಮಷಿನ್ನನ್ನು ಬರೆದಿಟ್ಟ ಲೆಕ್ಕದಂತೆ ತಾನೇ ಕೊರೆಯುವ ಸಿಎನ್‌ಸಿ ಮಾಡುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ಮೋಟಾರು ಸುಲಭವಾಗಿ ಸಿಕ್ಕವು. ತಲೆ ತಿಂದದ್ದು ಕಂಟ್ರೋಲರ್. ಯಾವ ಮೋಟಾರು ಯಾವಾಗ ಎಷ್ಟು ತಿರುಗಬೇಕೆಂದು ಹುಕುಂ ಕೊಡುವ ಡಬ್ಬಿ ಅದು. ಲ್ಯಾಪ್‌ಟಾಪಿಗೆ ಜೋಡಿಸುವಂಥದ್ದು ಬೇಡವೆನಿಸಿತು. ಮೌಸ್ ಹಿಡಿದರೆ ನನ್ನ ಬಾಣದ ಗುರುತು ಸ್ಕ್ರೀನ್ ತುಂಬ ಕುಣಿಯುತ್ತದೆ. ಮಷಿನ್ ಹವ್ಯಾಸಿಗಳ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಟಚ್ ಸ್ಕ್ರೀನ್ ತಗೊಳ್ಳಿ, ಫೋನ್ ಇದ್ದಹಾಗೇ ಇರುತ್ತದೆ.

ಮುಧೋಳದಲ್ಲಿ ನನ್ನ ಹಳೆಯ ವಿದ್ಯಾರ್ಥಿ ಮಲ್ಲೇಶನ ವರ್ಕ್‌ಶಾಪ್ ಇದೆ. ಅವನ ಮಷಿನ್‌ಗೆ ಅಂಥದ್ದೇ ಟಚ್ ಸ್ಕ್ರೀನ್. ಹೋಗಿ ನೋಡಿಯೇಬಿಡೋಣವೆಂದು ಬಸ್ಸು ಹತ್ತಿದೆ.

"ಬರ್ರಿ ಅಕ್ಕಾರ. ಒತ್ತಿ ನೋಡ್ರಿ, ಭಾಳ ಈಜಿ ಐತಿ," ಅಂದ.

ಒತ್ತಿದೆ. ನಾನು ಒತ್ತಿದ್ದು ಒಂದು ಸಲ. ಬೆರಳು ಒತ್ತಿದ್ದು ಎರಡು ಸಲ. ಮೇಜು ಸರಿಯಬೇಕಾದಲ್ಲಿ ನಿಲ್ಲದೆ ಇನ್ನೊಮ್ಮೆ ಸರಿಯಿತು. ತಿರುಗುತ್ತಿದ್ದ ಕಟರ್, ಕೊರೆಯುವ ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್‌ಗೆ ಬಡಿದು ಟಣ್ ಎಂದು ಮುರಿಯಿತು.

ಮಲ್ಲೇಶ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಕುರ್ಚಿ ಎಳೆದು ಹಾಕಿದ. "ಇರ್ಲಿ ಬಿಡ್ರಿ ಅಕ್ಕಾರ. ನೀವು ಇಲ್ಲಿ ಕುಂತು ಹೇಳ್ರಿ, ನಾ ಒತ್ತತೀನಿ. ನಿಮ್ಮ ಅಳಗುಳಿ ಮಣಿ ಎಲ್ಲಾ ನಾನಽ ಮಾಡಿ ಕೊಡ್ತೀನಿ."

ಪ್ರೀತಿಯಿಂದಲೇ ಅಂದ. ಆದರೆ ಬೇರೆಯವರು ಮಾಡಿಕೊಟ್ಟರೆ ಅದು ನನ್ನ ಮಣೆ ಹೇಗಾಗುತ್ತದೆ? ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಕಿಟಕಿಯತ್ತ ಮುಖ ಮಾಡಿಯೇ ಕೂತಿದ್ದೆ. ಪಕ್ಕದ ಹೆಂಗಸಿಗೆ ನನ್ನ ಒದ್ದೆ ಕಣ್ಣು ಕಾಣಬಾರದಲ್ಲ!

ಮನೆಗೆ ಬಂದು ಮಿಕ್ಸರ್ ಹಚ್ಚಿದೆ. ಅದರ ಗುಂಡಿ ಟಕ್ಕೆಂದು ತಿರುಗಿ ಅಲ್ಲೇ ನಿಂತಿತು. ಅರೇ! ಇಲ್ಲಿ ಕೈ ಯಾಕೆ ತಪ್ಪಲಿಲ್ಲ? ಲೈಟಿನ ಸ್ವಿಚ್ ಒತ್ತಿದೆ. ತಪ್ಪಲಿಲ್ಲ. ಫೋನ್ ಹಿಡಿದೆ. ತಂಗಿಗೆ ಮಾಡಿದ ಕಾಲ್ ಗ್ಯಾಸಿನವನಿಗೆ ಹೋಯಿತು. ಕಾರಣ ಹೊಳೆಯಿತು. ಬಿಗಿಯಾಗಿರುವ ಬಟನ್ ನನ್ನ ನಡುಕವನ್ನು ತಾನೇ ನುಂಗಿಕೊಳ್ಳುತ್ತದೆ. ಟಚ್ ಸ್ಕ್ರೀನಿನ ಗಾಜು ನಡುಕವನ್ನೂ ಹುಕುಂ ಅಂದುಕೊಳ್ಳುತ್ತದೆ.

ಮರುದಿನದಿಂದ ಕಂಟ್ರೋಲರ್ ಮಾರುವವರಿಗೆಲ್ಲ ನನ್ನದು ಒಂದೇ ಪ್ರಶ್ನೆ: "ಬಟನ್ ಒತ್ತಿದ್ರ ಟಕ್ ಅಂತೈತೇನ್ರಿ?"

ಅವರು ಸ್ಪೀಡ್ ಹೇಳುತ್ತಿದ್ದರು, ಸ್ಕ್ರೀನಿನ ಬಣ್ಣ ಹೇಳುತ್ತಿದ್ದರು. ಒಬ್ಬನಂತೂ ನಕ್ಕೇಬಿಟ್ಟ. "ಮೇಡಂ, ಈಗ ಬಟನ್ ಯಾರು ಕೇಳ್ತಾರೆ?"

"ನಾನು ಕೇಳಾಕತ್ತೇನಲ್ಲಪಾ!"

ಕಡೆಗೂ ಒಂದು ಸಿಕ್ಕಿತು. ಪುಟ್ಟ ಸ್ಕ್ರೀನು, ದಪ್ಪ ಬಟನ್ನುಗಳು. ಜೊತೆಗೆ ಕೈಯಲ್ಲಿ ಹಿಡಿಯುವ ಒಂದು ಚಕ್ರ. ಒಂದೊಂದು ಟಿಕ್‌ಗೆ ಮೇಜು ಕೂದಲೆಳೆಯಷ್ಟೇ ಸರಿಯುತ್ತದೆ. ಮತ್ತೆ ಅಂಗೈಯಿಂದ ಬಡಿದು ನಿಲ್ಲಿಸುವಂಥ ಕೆಂಪು ಬಟನ್. "ಹಳೇ ಮಾಡೆಲ್ ಅಲ್ಲೇನ ಇದು?" ಅಂದರು ಯಜಮಾನರು. ಅನ್ನುತ್ತಲೇ ಕನ್ನಡಕ ಹಾಕಿಕೊಂಡು ಮ್ಯಾನ್ಯುಯಲ್ ಓದತೊಡಗಿದರು. (ಟಿವಿ ಆಫ್ ಇತ್ತು. ಇದನ್ನು ದಾಖಲಿಸಲೇಬೇಕು.)

ಭಾನುವಾರ ಮಲ್ಲೇಶ ಬಂದು ವೈರಿಂಗ್ ಮಾಡಿಕೊಟ್ಟ. ಮೊದಲ ಸಲ ಚಾಲು ಮಾಡಿದಾಗ ಮೇಜು ಎಡಕ್ಕೆ ಹೋಗುವ ಬದಲು ಬಲಕ್ಕೆ ಓಡಿತು. ಎಲ್ಲೋ ವೈರು ತಿರುವುಮುರುವಾಗಿತ್ತು. ಇಬ್ಬರೂ ಗಂಡಸರು "ಏ ಏ" ಅನ್ನುವಷ್ಟರಲ್ಲಿ ನನ್ನ ಅಂಗೈ ಕೆಂಪು ಬಟನ್ ಮೇಲಿತ್ತು. ಮಷಿನ್ ನಿಂತಿತು. ಕಟರ್ ಉಳಿಯಿತು.

ವೈರು ಬದಲಿಸಿದ ಮೇಲೆ ಮಲ್ಲೇಶ ಮೆಲ್ಲಗೆ ಕೇಳಿದ, "ಸ್ಟಾರ್ಟ್ ನಾ ಒತ್ತಲೇನ್ರಿ ಅಕ್ಕಾರ?"

"ಬ್ಯಾಡ. ನೀ ಆ ಕುರ್ಚಿ ಮ್ಯಾಲ ಕುಂಡ್ರು."

ಒತ್ತಿದೆ. ಒಂದೇ ಸಲ. ಸಾಗವಾನಿಯ ಹುಡಿ ಸುರುಳಿಯಾಗಿ ಮೇಲೆದ್ದಿತು. ಗುಳಿ ದುಂಡಗೆ ಬಂತು, ಅಂಚು ಎಲ್ಲೂ ಸೀಳಿರಲಿಲ್ಲ. ಯಜಮಾನರು ಅದರಲ್ಲಿ ಬೆರಳಾಡಿಸಿ ನೋಡಿದರು. ಮುಂದಿನ ಹಲಗೆ ತಾವೇ ತಂದು ಕೊಟ್ಟರು.

ಈಗ ಬ್ಯಾಂಕಿನಲ್ಲಿ ಟಚ್, ಆಸ್ಪತ್ರೆಯ ಚೀಟಿಗೆ ಟಚ್, ಅಡುಗೆಯ ಒಲೆಗೂ ಟಚ್. ಒತ್ತಲಾರದೆ ಹಿಂದೆ ಸರಿದು, "ತಮ್ಮಾ, ನೀನಽ ಒತ್ತು" ಅನ್ನುವವರನ್ನು ನೀವೂ ನೋಡಿರುತ್ತೀರಿ. ಬಹುಶಃ ಅವರ ಪರವಾಗಿ ಒತ್ತಿಯೂ ಇರುತ್ತೀರಿ. ಇವನ್ನೆಲ್ಲ ತಯಾರಿಸುವವರಿಗೆ ನನ್ನದೊಂದು ಪ್ರಶ್ನೆ: ಮಾರುಕಟ್ಟೆಗೆ ಬಿಡುವ ಮುಂಚೆ ನಡುಗುವ ಒಂದು ಕೈಯನ್ನಾದರೂ ಕರೆದು ಒತ್ತಿಸಿ ನೋಡಿದ್ದೀರಾ?